ದಮ್ಮು, ಬಶಿ ಚಾ ಮತ್ತ ಬಬಲೇಶ್ವರದ ಬೀಗರು

"ಏಳಲೇ ಮಲ್ಲ್ಯಾ! ಮಣ್ಣಾಗ ಮಲಗಿ ಕನಸ ಕಾಣಾಕತ್ತೀಯೇನ?" ಕುಸ್ತಿ ಕಲಸೂ ವಸ್ತಾದ ಒದರಾಕತ್ತಿದ್ದ.

ಏಳೂದ ಎಲ್ಲಿ ಬಂತು, ನನಗ ಉಸುರ ಬರವಲ್ದಾಗಿತ್ತು. ನನ್ನ ಮ್ಯಾಲೆ ಕುಂತಿದ್ದ ಕುಸ್ತಿ ಜೋಡಿ ಹುಡುಗ ಎದ್ದ ದೂರ ನಿಂತಿದ್ದ. ಅಂವಾ ಎದ್ರೂ ಎದಿ ಮ್ಯಾಲಿನ ಭಾರ ಏಳಲಿಲ್ಲ. ಬಾಯಿ ತಗದ ಗಾಳಿ ಎಳೀತೀನಿ, ಅದು ಗಂಟಲದಾಗ ನಿಂತ ಸಿಳ್ಳಿ ಹೊಡೀತೈತಿ, ಕೆಳಗ ಇಳ್ಯೂದಿಲ್ಲ. ಗರಡಿಮನ್ಯಾಗ ಮಣ್ಣ ಹೊಸದಾಗಿ ಹಾಕಿದ್ರು. ಇನ್ನ ಎಣ್ಣಿ, ಮಜ್ಜಿಗಿ ಕುಡದ ಹದಕ್ಕ ಬಂದಿರಲಿಲ್ಲ, ಕಾಲ ಇಟ್ರ ಧೂಳ ಏಳತಿತ್ತು. ಆ ಧೂಳ ಅಷ್ಟೂ ನನ್ನ ಎದ್ಯಾಗ ಹೋಗಿ ಕುಂತಂಗ ಆಗಿತ್ತು.

"ಸೋಲತೀನಂತ ಗೊತ್ತಾಗಿ ನಾಟಕ ಮಾಡಾಕತ್ತಾನ್ರಿ" ಅಂದ ಒಬ್ಬಾಂವ. ಆಮ್ಯಾಲೆ ನನ್ನ ತುಟಿ ನೋಡಿ ಅವನೂ ಬಾಯಿ ಮುಚ್ಚಿದ. ತುಟಿ ಕರ್ರಗ ಆಗಿದ್ವಂತ.

ಹೊತಗೊಂಡ ಮನಿಗೆ ಒಯ್ದ್ರು. ಓಣ್ಯಾಗಿನ ಹೆಂಗಸರು ನಾ ಸತ್ತೇನಂತ ತಿಳದ ಅಳಾಕ ಚಾಲೂ ಮಾಡಿದ್ರು. "ಸತ್ತಿಲ್ರಿ" ಅಂತ ಹೇಳಬೇಕಂದ್ರ ಅದಕ್ಕೂ ಉಸುರ ಬೇಕಲ್ಲ.

ನಾ ತಿಕೋಟಾದಾಂವ. ಹೊಲಾ ಐತಿ, ಬಾವಿ ಐತಿ, ಉಳ್ಳಾಗಡ್ಡಿ, ಜ್ವಾಳ ಬೆಳೀತೇವಿ. ಸಾಲಿ ಮೂರನೇ ಇಯತ್ತೇಕ ಬಿಟ್ಟೇನಿ. ಅದಕ ಮಾತಾಡಿದಂಗ ಬರ್ಯಾಕತ್ತೇನಿ, ಬ್ಯಾರೆ ನಮೂನಿ ನನಗ ಬರೂದಿಲ್ಲ. ದಮ್ಮಿನ ಬ್ಯಾನಿಯಾಂವ ಯಾವನರ ಓದಿ "ಇಂವಂಗೂ ಹಂಗ ಆಗಿತ್ತಲ್ಲ" ಅಂದ್ರ ಸಾಕು. ಗುಳಿಗಿ ಹೆಸರ ಕೇಳಬ್ಯಾಡ್ರಿ. ಅದನ್ನ ಡಾಕ್ಟರ್ ಹೇಳಬೇಕು, ನಾ ಹೇಳಬಾರ್ದು.

ಆ ದಿನಾ ಸಂಜೀಕ ಉಸುರ ತಾನ ತಿರಗಿ ಬಂತು. ಆದ್ರ ಮನ್ಯಾಗ ಯಾರೂ ಸುಮ್ಮ ಕೂಡ್ಲಿಲ್ಲ. ಎಲ್ಲಾರ ತಲ್ಯಾಗೂ ಒಂದ ಮಾತು, ಯಾರ ಬಾಯಾಗೂ ಬರವಲ್ದು. ಕ್ಷಯಾ. ನಮ್ಮ ಕಡೆ ಆಗ ಕೆಮ್ಮಿದಾಂವಂಗ ಕ್ಷಯಾ, ಸೊರಗಿದಾಂವಂಗ ಕ್ಷಯಾ. ಒಮ್ಮೆ ಆ ಹೆಸರ ಹತ್ತಿದ್ರ ಆ ಮನಿ ನೀರ ಸೈತ ಮಂದಿ ಕುಡೀತಿರಲಿಲ್ಲ.

ಅದರಾಗ ನಂದ ಮದಿವಿ ಗೊತ್ತಾಗಿತ್ತು. ಹುಡುಗಿ ಬಬಲೇಶ್ವರದಾಕಿ, ನೀಲವ್ವ ಅಂತ. ಸಕ್ರಿ ಹಂಚಿ ಆಗಿತ್ತು, ಸುಗ್ಗಿ ಮುಗದ ಮ್ಯಾಲೆ ಅಕ್ಕಿಕಾಳ ಅಂತ ಮಾತಾಗಿತ್ತು. ನಾ ಆಕಿನ್ನ ಒಂದ ಸಲ ಅಷ್ಟ ನೋಡಿದ್ದೆ. ಉಪ್ಪಿಟ್ಟಿನ ತಾಟ ತಂದ ಮುಂದ ಇಟ್ಟು ನನ್ನ ಕಿವಿ ನೋಡಿ ನಕ್ಕಿದ್ಲು. ಕುಸ್ತಿ ಆಡಿ ಆಡಿ ನನ್ನ ಕಿವಿ ಹಪ್ಪಳ ಸುಟ್ಟಂಗ ಮುದುರ್ಯಾವ. ಯಾರರ ನಕ್ರ ನನಗ ಸಿಟ್ಟ ಬರ್ತೈತಿ. ಆಕಿ ನಕ್ರ ಬರಲಿಲ್ಲ. ಈ ಹುಡುಗಿನ್ನ ಬಿಡಬಾರ್ದಂತ ಅವತ್ತ ಅನಕೊಂಡಿದ್ದೆ.

"ಬಬಲೇಶ್ವರಕ್ಕ ಗೊತ್ತಾಗಬಾರ್ದು ನೋಡ್ರಿ" ಅಂದ್ಲು ಅವ್ವ, ಅಪ್ಪಗ. "ಗೊತ್ತಾತಂದ್ರ ಮುಗೀತು. ಇನ್ನೊಬ್ರ ಯಾರೂ ಹೆಣ್ಣ ಕೊಡೂದಿಲ್ಲ."

"ಮುಚ್ಚಿ ಇಟ್ಟ ಏನ ಮಾಡ್ತೀಬೇ?" ಅಂದೆ ನಾ.

"ನೀ ಸುಮ್ಮಿರು. ನಿನಗ ಉಸುರ ಇಲ್ಲ, ಮಾತ ಯಾಕ ಬೇಕು?" ಅಂದ್ಲು.

ಮರುದಿನಾ ಮುಂಜಾನೆ ಬಸ್ಸಿಗೆ ಅಪ್ಪ ನನ್ನ ಕರಕೊಂಡ ಬಿಜಾಪುರಕ್ಕ ಹೊಂಟ. ಬಸ್ಸಿನ್ಯಾಗ ಯಾರ ಕೇಳಿದ್ರೂ "ಬಾವಿ ಇಂಜಿನ್ನ ಕೆಟ್ಟೈತಿ, ಸಾಮಾನ ತರಾಕ ಹೊಂಟೇವಿ" ಅಂತಿದ್ದ. ಸುಳ್ಳೇನಲ್ಲ. ಕೆಟ್ಟ ಇಂಜಿನ್ನ ಬಾಜೂಕ ಕುಂತಿತ್ತು.

ದೊಡ್ಡ ದವಾಖಾನಿ ಪಡಸಾಲ್ಯಾಗ ಕುಂತದ್ದ ಮಾತ್ರ ನಾ ಮರ್ಯಾಂಗಿಲ್ಲ. ಎರಡೂ ಕಡೆ ಬಾಕು, ಬಾಕಿನ ತುಂಬ ಕೆಮ್ಮು. ಪ್ರತಿಯೊಬ್ಬಾಂವ ಬಾಜೂದಾಂವಂಗ ಕ್ಷಯಾ ಐತಿ, ತನಗ ಇಲ್ಲ ಅಂತ ತಿಳದ ಸರದ ಸರದ ಕೂಡಾಂವ. ಹಿಂಗ ಸರದ ಸರದ ತುದಿಗೆ ಕುಂತ ಒಬ್ಬ ಮುದುಕಾ ದಪ್ಪಂತ ಕೆಳಗ ಬಿದ್ದ. ಅಪ್ಪ ತಲಿಗೆ ಸುತ್ತಿದ ಪಟಗಾದ ಚುಂಗ ಮೂಗಿಗೆ ಒತ್ತಿ ಹಿಡಕೊಂಡಿದ್ದ. ನಾ ಕೆಮ್ಮಿದ ಕೂಡ್ಲೆ ಮೂಗಿನಿಂದ ತಗದ. ಮಗನ ಕೆಮ್ಮಿಗೆ ಮೂಗ ಮುಚ್ಚಬಾರ್ದಂತ ತಿಳಕೊಂಡನೋ ಏನೋ. ನಾ ಆಕಡೆ ಮಾರಿ ಮಾಡಿ ಕುಂತೆ.

ನಮ್ಮ ಎದುರಿಗೆ ಒಬ್ಬ ದಪ್ಪ ಮನಷಾ ಕುಂತಿದ್ದ. ತಲಿಗೆ ಬಿಳಿ ಟೊಪಗಿ, ಹೊಟ್ಟಿ ಮ್ಯಾಲೆ ಎರಡೂ ಕೈ. ನನ್ನ ಎದಿ ಕಡೆ ಕಿವಿ ಕೊಟ್ಟ ಕೇಳಿದ.

"ಏನ ತಮ್ಮಾ, ನಿಂದೂ ಪುಂಗಿ ಏನ?"

"ಯಾವ ಪುಂಗಿ?"

"ಊದಾಕತ್ತೈತಲ್ಲ ಒಳಗ. ನಂದ ಕೇಳ, ನಂದ ಇನ್ನೂ ಚಲೋ ಊದತೈತಿ." ಅಂವಾ ಎದ್ದ ಬಂದ ನನ್ನ ಬಾಜೂಕ ಕುಂತ. ಖರೇನ ಅವನ ಎದ್ಯಾಗೂ ಅದ ಸಿಳ್ಳಿ. "ಕ್ಷಯಾ ಇರಲಿಕ್ಕಿಲ್ಲೋ. ದಮ್ಮಿರಬೇಕು. ನಾ ಡಾಕ್ಟರ್ ಅಲ್ಲ ಮತ್ತ, ಚಾದಂಗಡಿಯಾಂವ."

ಅಂವಾ ಮೌಲಾಸಾಬ. ಬಸ್‌ಸ್ಟ್ಯಾಂಡ ಹಿಂದ ಚಾದಂಗಡಿ ಇಟ್ಟಿದ್ದ. ಅಪ್ಪ ಅವನ ಎರಡೂ ಕೈ ಹಿಡಕೊಂಡ ಬಿಡವಲ್ಲ. ಡಾಕ್ಟರ್ ಅಲ್ಲಂತ ಅಂವಾ ಹೇಳಿದ್ದು ಅಪ್ಪಗ ಕೇಳಿಸೇ ಇಲ್ಲ.

ಎದಿ ಫೋಟೋ ತಗಿಯಾಂವ ನನ್ನ ತಣ್ಣನ್ನ ಹಲಿಗಿಗೆ ಆನಿಸಿ ನಿಲ್ಲಿಸಿ "ಉಸುರ ಹಿಡಿ" ಅಂದ.

"ಇದ್ರ ಹಿಡೀತಿದ್ನೆಲ್ರಿ" ಅಂದೆ.

ಫೋಟೋ ಮರುದಿನಾ ಸಿಗೂದಂತ. ಮೌಲಾಸಾಬ ನಮ್ಮನ್ನ ಅಂಗಡಿ ಹಿಂದಿನ ಖೋಲ್ಯಾಗ ಇಳಸಿಕೊಂಡ. ಅವತ್ತ ನಾ ಅಂಜಿದಷ್ಟ ಮುಂದ ಎಂದೂ ಅಂಜಿಲ್ಲ. ಅಪ್ಪ ಉಣ್ಣಲಿಲ್ಲ. ನಾ ಉಂಡೆ. ಸಾಯೂದಿದ್ರ ಹಸಗೊಂಡ ಯಾಕ ಸಾಯಬೇಕು?

ಮರುದಿನಾ ಡಾಕ್ಟರ್ ಫೋಟೋನ ಬೆಳಕಿಗೆ ಹಿಡದ ನೋಡಿದ್ರು. ವಯಸ್ಸಾದವ್ರು, ಧಾರವಾಡ ಕಡೇ ಮಾತು. "ಕ್ಷಯಾ ಅಲ್ಲ. ಇದು ದಮ್ಮು" ಅಂದ್ರು.

ಅಪ್ಪ ನಗಾಕ ಚಾಲೂ ಮಾಡಿದ. ಎಂಥಾ ನಗು ಅಂದ್ರ, ನರ್ಸಬಾಯಿ ಓಡಿ ಬಂದ್ಲು. "ಇದು ದವಾಖಾನಿ ಐತ್ರಿ, ನಾಟಕದ ತಂಬು ಅಲ್ಲ" ಅಂತ ಬೈದ್ಲು. ಡಾಕ್ಟರ್ ಚಸ್ಮಾ ತಗದ ನೋಡಿದ್ರು. "ದಮ್ಮ ಬಂದದ ಅಂದ್ರ ನಗೋ ತಂದಿನ್ನ ನಾ ಇವತ್ತ ನೋಡಿದೆ" ಅಂದ್ರು.

ಆಮ್ಯಾಲೆ ನನ್ನ ಕಡೆ ತಿರಗಿ ಹೇಳಿದ್ರು. ಗುಳಿಗಿ ತಪ್ಪಸಬ್ಯಾಡ. ಗರಡಿ ಬಿಡು, ರಾಶಿ ಮಾಡೂ ಕಣದ ಕಡೆ ಹಾಯಬ್ಯಾಡ. ಸಂಜೀಕ ಹೊಟ್ಟಿ ತುಂಬ ತಿನಬ್ಯಾಡ. ಎದಿ ಹಿಡಿಯೂ ಹಂಗ ಆತಂದ್ರ ಹಾಲಿಲ್ಲದ ಬಿಸಿ ಚಾ ಕುಡಿ. ಮತ್ತ ದಿನಾ ಯೋಗಾ ಮಾಡು.

ಗರಡಿ ಬಿಡು ಅಂದಾಗ ನನಗ ಅಳು ಬಂದಿತ್ತು. ಯೋಗಾ ಅಂದ ಮ್ಯಾಲೆ ಸಿಟ್ಟ ಬಂತು. "ನಾ ಸಾಧು ಆಗಾಂವ ಅಲ್ರಿ. ಮದಿವಿ ಆಗಾಂವ" ಅಂದೆ.

"ಸಾಧು ಆಗು ಅಂತ ಯಾರ ಹೇಳ್ಯಾರ? ಹೊರಗ ಕೂತಾನಲ್ಲ ಮೌಲಾಸಾಬ, ಅವ್ನ ಮಕ್ಕಳ ಎಷ್ಟ ಅವ ಕೇಳು. ಅವಗ ನಾನ ಕಲಿಸೇನಿ, ನಿನಗ ಅಂವಾ ಕಲಸ್ತಾನ. ತಪ್ಪ ಕಲಿಸಿದ್ರ ಬಂದ ನನಗ ಹೇಳು."

ತಪ್ಪ ಕಲಸಲಿಲ್ಲ, ಆದ್ರ ತನ್ನ ನಮೂನಿ ಕಲಿಸಿದ. ಬೆಳಕ ಹರಿಯೂದ್ರಾಗ ಗೋಣಿಚೀಲ ಹಾಸಿ ಕೂಡಾಂವ. ಇದ್ದಲಿ ಒಲಿ ಹೊತ್ತಸಿದ್ರ ಹೊಗಿ ಆಗ್ತೈತಂತ ಅದಕ್ಕಿಂತ ಮೊದ್ಲ ಯೋಗಾ ಮುಗಸಾಂವ. ಬೆನ್ನ ನೆಟ್ಟಗ ಮಾಡಬೇಕು, ಮೂಗಿನಿಂದ ಸಾವಕಾಶ ಎಳೀಬೇಕು, ಎಳಿಯೂದಕ್ಕಿಂತ ಬಿಡೂದ ನಿಧಾನ ಆಗಬೇಕು. ನನಗ ಎಳಿಯೂದು ಬರ್ತಿತ್ತು, ಬಿಡೂದ ಬರ್ತಿರಲಿಲ್ಲ. ಕುಸ್ತಿಯಾಂವ ನಾ, ಎಲ್ಲಾ ಒಮ್ಮೆಲೆ ಧಡಲ್ ಅಂತ ಬಿಡಾಂವ.

"ಏ ಹುಚ್ಚಪ್ಯಾಲಿ, ಹಂಗಲ್ಲೋ" ಅಂತ ಕಪ್ಪಿನ ಕೆಳಗಿನ ಬಶಿ ತಗೊಂಡ ಅದರ ತುಂಬ ಕರಿ ಚಾ ಸುರುವಿ ನನ್ನ ಕೈಯಾಗ ಕೊಟ್ಟ. "ಊದು. ಚಾದ ಮ್ಯಾಲೆ ಗೆರಿ ಎದ್ದ ಆ ದಂಡಿಗೆ ಹೋಗಿ ಮುಟ್ಟಬೇಕು. ಆದ್ರ ಒಂದ ಹನಿ ಚೆಲ್ಲಬಾರ್ದು. ಗೆರಿ ನಿಂತ್ರ ಉಸುರ ಮುಗದಂಗ."

ಊದಿದೆ. ಅರ್ಧಾ ಚಾ ಮೌಲಾಸಾಬನ ಹೊಟ್ಟಿ ಮ್ಯಾಲೆ ಹೋತು.

"ಯಾ ಅಲ್ಲಾ! ಕುಸ್ತಿ ಹಿಡ್ಯಾಕ ಹೇಳಿಲ್ಲೋ ಚಾದ ಕೂಡ!"

ಊದಿ ಊದಿ ಆರಿದ ಮ್ಯಾಲೆ ಅದನ್ನ ಕುಡೀಬೇಕು. ಅದು ಇನ್ನೊಂದ ತ್ರಾಸು. ನಾ ಹುಟ್ಟಿದಾಗಿಂದ ಚಾ ಮುಟ್ಟಿದಾಂವ ಅಲ್ಲ. ನಮ್ಮ ವಸ್ತಾದ ಗರಡಿಮನಿ ಹುಡುಗರಿಗೆ ಚಾ ಬಂದ್ ಮಾಡಿದ್ದ. ಚಾ ರಗತಾ ಸುಡತೈತಿ, ಹಾಲ ಕುಡೀರಿ ಅಂತಿದ್ದ. ಕರಿ ಚಾ, ಅದರಾಗ ಜಜ್ಜಿದ ಹಸಿ ಶುಂಠಿ, ಮ್ಯಾಲ ಒಂದ ಚೂರ ಬೆಲ್ಲ. ಬಾಯಾಗ ಹಾಕ್ಕೊಂಡ "ಥೂ, ಎತ್ತಿಗೆ ಹಾಕೂ ಔಷಧ ಇದ್ದಂಗ ಐತಿ" ಅಂದೆ.

"ನನ್ನ ಅಂಗಡ್ಯಾಗ ಥೂ ಅಂದಾಂವ ನೀನ ಮೊದಲ್ನಾಂವ. ಆತ ಬಿಡು, ಎತ್ತಿನಂಗ ಅದಿ, ಎತ್ತಿನ ಔಷಧ ಕುಡಿ."

ಆದ್ರ ಎದಿ ಬಿಚ್ಚತು ನೋಡ್ರಿ. ಚಾದಿಂದೋ, ಊದೂದ್ರಿಂದೋ, ಗುಳಿಗಿಯಿಂದೋ, ಕ್ಷಯಾ ಅಲ್ಲ ಅನ್ನೂ ಖುಷಿಯಿಂದೋ ನನಗ ಗೊತ್ತಿಲ್ಲ. ಬಿಚ್ಚತು. ಹಾವಿನ ಆಸನಾನೂ ಕಲಿಸಿದ. ಬೋರಲ ಮಲಗಿ ಎದಿ ಅಷ್ಟ ಮ್ಯಾಲ ಎತ್ತಬೇಕು. ಮೌಲಾಸಾಬ ಮಾಡಿದ್ರ ಎದೀನೂ ಮ್ಯಾಲ, ಕಾಲೂ ಮ್ಯಾಲ, ಹೊಟ್ಟಿ ಅಷ್ಟ ನೆಲಕ್ಕ. ತೊಟ್ಟಲದಂಗ ತೂಗತಿದ್ದ. ನೋಡಿ ನಗಬೇಕಂದ್ರ ಉಸುರ ತಪ್ಪತಿತ್ತು, "ನಗಬ್ಯಾಡಲೇ, ಎಣಿಸಿ ಬಿಡು" ಅಂತ ಮಲಕೊಂಡಲ್ಲಿಂದ ಬೈತಿದ್ದ. ಒಂದ ವಾರ ಅಲ್ಲೇ ಇದ್ದ ಕಲ್ತ ಊರಿಗೆ ಬಂದೆ.

ಮನ್ಯಾಗ ಪಡಸಾಲಿ ಮೂಲ್ಯಾಗ ಕಂಬಳಿ ಹಾಕ್ಕೊಂಡ ಕೂಡಾಕ ಚಾಲೂ ಮಾಡಿದೆ. ಅವ್ವನ ಜೀವಾ ಹೋತು. ನಮ್ಮ ಓಣ್ಯಾಗ ಹಿಂದ ಒಬ್ಬ ಹಿಂಗ ಕಣ್ಣ ಮುಚ್ಚಿ ಕೂಡಾಕ ಹತ್ತಿದಾಂವ, ಒಂದಿನಾ ಸಾಧುಗಳ ಬೆನ್ನ ಹತ್ತಿ ಕಾಶಿಗೆ ಹೋದಾಂವ ತಿರಗಿ ಬಂದಿದ್ದಿಲ್ಲ. ನಮ್ಮ ಕಡೆ ಆಗ ಯೋಗಾ ಅಂದ್ರ ಸಂಸಾರ ಬಿಟ್ಟವ್ರ ಕೆಲಸ. ನಾ ಕಣ್ಣ ಮುಚ್ಚಿದ ಕೂಡ್ಲೆ ಅವ್ವ ಅಡಗಿಮನಿಯಿಂದ ಕೂಗಾಕಿ:

"ಮಲ್ಲಪ್ಪಾ, ಬಿಸಿ ರೊಟ್ಟಿ ಬೇಕೇನೋ?"

"ಆಮ್ಯಾಲೆ."

"ಬೆಣ್ಣಿ ಐತೋ."

"ಆಮ್ಯಾಲೆ ಬೇ!"

"ಕಣ್ಣರ ತಗಿಯೋ ನನ್ನಪ್ಪಾ, ಹಂಗ ಕೂಡಬ್ಯಾಡೋ."

ಅಪ್ಪ ಮಾತ್ರ ಒಂದಿನಾ ತಾನೂ ಬಾಜೂಕ ಬೋರಲ ಮಲಗಿ ಹಾವಿನ ಆಸನಾ ಮಾಡಾಕ ಹೋಗಿ ಟೊಂಕಾ ಹಿಡಸಿಕೊಂಡ. ಎರಡ ದಿನಾ ಬಡಿಗಿ ಹಿಡದ ಅಡ್ಡಾಡಿದ. ಅವ್ವ ಅಷ್ಟಕ್ಕ ಖುಷಿ ಆದ್ಲು. ಗಂಡನರ ಕಾಶಿಗೆ ಹೋಗೂದಿಲ್ಲಂತ ಖಾತ್ರಿ ಆತಲ್ಲ.

ವಸ್ತಾದನೂ ಒಮ್ಮೆ ನೋಡಾಕ ಬಂದ. ನನ್ನ ಕೈಯಾಗಿನ ಬಶಿ ನೋಡಿದ. "ಪೈಲ್ವಾನನ ಕೈಯಾಗ ಬಶಿ" ಅಂದಾಂವ ತಿರಗಿ ಹೋಗಿಬಿಟ್ಟ. ಅವತ್ತ ಭಾಳ ಕೆಟ್ಟ ಅನಸ್ತು. ಗರಡಿ ನೆನಪ ಈಗೂ ಬರ್ತೈತಿ. ಆದ್ರ ಆ ಛಳಿಗಾಲದಾಗ ಬಾವಿ ಪಾವಟಿಗಿ ಇಳದ ನೀರ ತುಂಬಕೊಂಡ, ನಡಬರಕ ಎಲ್ಲೂ ನಿಲ್ಲದ ಮ್ಯಾಲ ಬಂದೆ. ಮ್ಯಾಲ ಬಂದ ನಿಂತ ಉಸುರ ಕೇಳಿದೆ. ಸಿಳ್ಳಿ ಇಲ್ಲ. ಕೊಡಾ ಕೆಳಗ ಇಟ್ಟ ಒಬ್ಬನ ನಕ್ಕೆ. ಕುಸ್ತಿ ಗೆದ್ದಾಗ ಹಂಗ ನಕ್ಕಿದ್ದಿಲ್ಲ.

ಇನ್ನ ಆದದ್ದ ಹೇಳ್ತೀನಿ.

ಬಳಿ ಮಾರಾಕಿ ಒಬ್ಬಾಕಿ ಊರೂರ ತಿರಗತಿದ್ಲು. ಅವ್ವಗ ಬಳಿ ಇಡಾಕ ಬಂದಾಗ ನಾ ಮೂಲ್ಯಾಗ ಕುಂತಿದ್ದೆ. ಮೂಗಿನ ಒಂದ ಹೊಳ್ಳಿ ಮುಚ್ಚಿ ಇನ್ನೊಂದರಿಂದ ಉಸುರ ಬಿಡಾಕತ್ತಿದ್ದೆ.

"ಇದೇನಬೇ ಯಕ್ಕಾ, ನಿನ್ನ ಮಗಾ ಮೂಗ ಹಿಡಕೊಂಡ ಕುಂತಾನ?" ಅಂದ್ಲು ಆಕಿ.

ಅವ್ವಗ ಅಂಜಿಕಿ ಬಂತು. ದಮ್ಮಂತ ಹೇಳಿದ್ರ ಬಬಲೇಶ್ವರಕ್ಕ ಮುಟ್ಟತೈತಿ. ಅದಕ "ದೇವರ ಧ್ಯಾನಾ ಮಾಡ್ತಾನವಾ" ಅಂದ್ಲು. ಅಷ್ಟಕ್ಕ ಬಿಟ್ಟಿದ್ರ ನಡೀತಿತ್ತು. "ಭಾಳ ಭಕ್ತಿ ನೋಡು ಅವಂದು. ಗರಡಿ ಬಿಟ್ಟ, ಸಂಜೀ ಊಟ ಅರ್ಧಾ ಮಾಡಿದ, ಯಾವದ್ರ ಮ್ಯಾಲೂ ಆಸೆನ ಇಲ್ಲ" ಅಂತ ಸೇರಿಸಿದ್ಲು. ಆಸೆ ಇಲ್ಲಂತ! ಕಣ್ಣ ತಗದ ಏನರ ಅನ್ನಬೇಕಂದ್ರ ಉಸುರ ನಡಬರಕ ಇತ್ತು.

ಬಳಿಗಾರಾಕಿ ಬಬಲೇಶ್ವರ ಮುಟ್ಟೂದ್ರಾಗ ನನಗ ಜಡಿ ಬೆಳದಿತ್ತು. ಹಣಿ ತುಂಬ ಬೂದಿ ಬಳಕೊಂಡಿದ್ನಂತ. ಕಾಶಿಗೆ ಹೊಂಡೂ ದಿನಾನೂ ಗೊತ್ತ ಮಾಡಿದ್ನಂತ.

ಸುಗ್ಗಿ ಇನ್ನೇನ ಬಂತು ಅನ್ನೂದ್ರಾಗ ಒಂದಿನಾ ಹೊತ್ತ ಏರಿದ ಮ್ಯಾಲೆ ನಮ್ಮ ಮನಿ ಮುಂದ ಗಾಡಿ ನಿಂತಿತು. ನೀಲವ್ವನ ಅಪ್ಪ ಗುರುಪಾದಪ್ಪ ಮತ್ತ ಆಕಿ ಆಯಿ ಇಳದ್ರು. ಆಯಿ ಅಂದ್ರ ಗುರುಪಾದಪ್ಪನ ಹಡದವ್ವ. ಅಡ್ಡ ದಾರಿ ಹಿಡದ ಬಂದಿದ್ರು, ಇಬ್ರ ಮಾರಿ ಮ್ಯಾಲೂ ಧೂಳ.

ಕಂಬಳಿ ಹಾಸಿದ್ವಿ. ಕಾಲಿಗೆ ನೀರ ಕೊಟ್ವಿ. ಅವ್ವ ಹಾಲ ಹಾಕಿ ಚಾ ಮಾಡಿ ಬಶಿ ಮ್ಯಾಲ ಕಪ್ಪ ಇಟ್ಟ ತಂದ್ಲು.

"ಚಾ ಬ್ಯಾಡ್ರಿ" ಅಂದ ಗುರುಪಾದಪ್ಪ.

ಅವ್ವ ಕಪ್ಪು ಬಶಿ ಹಂಗ ನೆಲಕ್ಕ ಇಟ್ಲು. ನಮ್ಮ ಕಡೆ ಬೀಗರ ಮನ್ಯಾಗ ಚಾ ಕುಡದ್ರ ಮಾತು ಗಟ್ಟಿ. ಮಾತ ಮುರ್ಯಾಕ ಬಂದಾಂವ ಆ ಮನಿ ಚಾ ಮುಟ್ಟೂದಿಲ್ಲ. ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ಒಂದ ಗುಟಕರ ತಗೋರಿ" ಅಂದ ಅಪ್ಪ.

"ಬ್ಯಾಡ್ರಿ. ನೇರ ಕೇಳ್ತೀನಿ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಮಗಾ ಕಾಶಿಗೆ ಯಾವಾಗ ಹೊಂಡಾಂವ?"

"ಯಾವ ಕಾಶಿ?"

"ಊರೆಲ್ಲಾ ಆಡಾಕತ್ತೈತಿ, ನಿಮಗ ಗೊತ್ತಿಲ್ಲೇನ? ನನ್ನ ಮಗಳ ಕೊಳ್ಳಿಗೆ ತಾಳಿ ಕಟ್ಟಿ ಮರುದಿನಾ ಇಂವಾ ಕಮಂಡಲಾ ಹಿಡದ ಹೊಂಟ್ರ ಆಕಿ ಗತಿ ಏನ್ರಿ? ಭಕ್ತಿ ಇರಲಿ, ಚಲೋನ. ನನಗ ಅಳಿಯಾ ಬೇಕು, ಸ್ವಾಮಿ ಬ್ಯಾಡ."

ಅಪ್ಪ ಅವ್ವನ ಮಾರಿ ನೋಡಿದ. ಅವ್ವ ನೆಲಾ ನೋಡಿದ್ಲು. ಖರೆ ಹೇಳಿದ್ರ ಬ್ಯಾನಿ, ಸುಳ್ಳ ಹೇಳಿದ್ರ ಕಾಶಿ. ಎರಡೂ ಕಡೆ ಬಾಗಲಾ ಮುಚ್ಚಿತ್ತು. ನನಗ ನೀಲವ್ವ ಕಿವಿ ನೋಡಿ ನಕ್ಕದ್ದ ಕಣ್ಣ ಮುಂದ ಬಂತು. ಸುಮ್ಮ ಕುಂತ್ರೂ ಆಕಿ ಹೋಗ್ತಾಳ. ಹಂಗಿದ್ದ ಮ್ಯಾಲ ಯಾಕ ಸುಮ್ಮ ಕೂಡ್ಲಿ?

"ಕಾಶಿಗೆ ಯಾರ ಹೊಂಟಾರ್ರಿ ಮಾಮಾ?" ಅಂದೆ. "ನನಗ ದಮ್ಮೈತಿ."

ಅವ್ವ ಹಣಿಗೆ ಹೊಡಕೊಂಡ್ಲು.

"ಏನಂದಿ?"

"ದಮ್ಮು. ಕ್ಷಯಾ ಅಲ್ಲ, ಎದಿ ಫೋಟೋ ತಗಸೇನಿ, ಬೇಕಂದ್ರ ನೋಡ್ರಿ. ಡಾಕ್ಟರ್ ಹೇಳಿದ್ರಂತ ಉಸುರಿನ ಯೋಗಾ ಮಾಡ್ತೀನಿ. ದೇವರಿಗೂ ಅದಕ್ಕೂ ಸಂಬಂಧ ಇಲ್ಲ. ಬೆಣ್ಣಿ ರೊಟ್ಟಿ ತಿಂತೀನಿ, ಮದಿವಿ ಮಾಡ್ಕೋಬೇಕಂತೀನಿ. ಎಲ್ಲಾ ಆಸೆ ಅದಾವ ನನಗ."

ಗುರುಪಾದಪ್ಪನ ಮಾರಿ ಬಿರಸ ಆತು. "ಮುಚ್ಚಿಟ್ರಿ ಅಂದಂಗಾತು" ಅಂದ ಅಪ್ಪಗ. "ಇದು ಕಾಶಿಗಿಂತ ಕೆಟ್ಟ ಆತು. ನಡಿ ಯವ್ವಾ" ಅಂತ ಎದ್ದ ನಿಂತ.

ಆಯಿ ಏಳಲಿಲ್ಲ. ಸೆರಗ ಬಾಯಿಗೆ ಒತ್ತಿ ಹಿಡಕೊಂಡ ಕುಂತಿದ್ಲು.

ಅವರ ಬಂದಾಗಿಂದ ನನಗ ಒಂದ ಸಿಳ್ಳಿ ಕೇಳಾಕತ್ತಿತ್ತು. ಅಂಜಿಕಿಗೆ ನನ್ನ ಎದೀನ ಹಿಡದೈತಿ ಅಂತ ತಿಳಕೊಂಡಿದ್ದೆ. ಈಗ ಉಸುರ ಹಿಡದ ನೋಡಿದೆ. ಸಿಳ್ಳಿ ನಿಲ್ಲಲಿಲ್ಲ. ನಂದಲ್ಲ ಅದು.

"ಆಯೀ" ಅಂದೆ, "ನಿಮ್ಮದೂ ಪುಂಗಿ ಊದಾಕತ್ತೈತಲ್ಲ."

"ಏನಿಲ್ಲಪಾ... ಗಾಡಿ... ಧೂಳು..." ಎರಡ ಮಾತಿನ ನಡಬರಕ ಮೂರ ಸಲ ಉಸುರ ಎಳದ್ಲು.

"ಧೂಳ ಇಬ್ರೂ ಕುಡದೀರಿ. ಮಾಮಾನ ಎದಿ ಊದವಲ್ದು. ಎಷ್ಟ ವರ್ಷ ಆತು?"

ಆಯಿ ಮಗನ ಮಾರಿ ನೋಡಿದ್ಲು. ಗುರುಪಾದಪ್ಪ ಮೀಸಿ ಮ್ಯಾಲ ಕೈ ಆಡಿಸಿ ಗ್ವಾಡಿ ನೋಡಿದ. ಆಗ ನನಗ ತಿಳೀತು. ಮುದುಕಿಗೆ ದಮ್ಮಂತ ಗೊತ್ತಾದ್ರ ಮೊಮ್ಮಗಳನ್ನ ಯಾರೂ ತಗೊಳೂದಿಲ್ಲಂತ ಅವರೂ ಮುಚ್ಚಿಟ್ಟಿದ್ರು. ಬಂದವ್ರ ಮುಂದ ಆಯಿನ್ನ ಒಳಗ ಕೂಡಸ್ತಿದ್ರಂತ. ನಾವು ಹೆಣ್ಣ ನೋಡಾಕ ಹೋದಾಗ ಆಕಿ ಕಂಡಿದ್ದೇ ಇಲ್ಲ. ಇವತ್ತ ಮಾತ ಮುರ್ಯಾಕ ಹೊಂಟಾರಂತ ಗೊತ್ತಾಗಿ ಆಕಿ ಹಟಾ ಹಿಡದ ಗಾಡಿ ಹತ್ತಿದ್ಲಂತ.

ಆದ್ರ ಅದನ್ನ ಆಡೂ ಹೊತ್ತಲ್ಲ ಅದು. ಆಯಿ ತುಟಿ ಒಣಗಾಕತ್ತಿದ್ವು. ಅಡಗಿಮನ್ಯಾಗಿಂದ ಒಲಿ ಹೊಗಿ ಪಡಸಾಲಿಗೆ ಬರಾಕತ್ತಿತ್ತು.

"ಮಾಮಾ, ಆ ಕಡೆ ಹಿಡೀರಿ" ಅಂದೆ. ಇಬ್ರೂ ಎತ್ತಿ ಹೊರಗ ಅಂಗಳದಾಗ ಬೇವಿನ ಗಿಡದ ಕೆಳಗ ಕೂಡಿಸಿದ್ವಿ. ಹೊಟ್ಟಿ ಮುಂದ ಗಾದಿ ಸುತ್ತಿ ಇಟ್ಟು ಅದರ ಮ್ಯಾಲ ಮೊಣಕೈ ಊರಿಸಿದೆ. ನನ್ನ ಗುಳಿಗಿ ಕೊಡಲಿಲ್ಲ. ಒಬ್ಬರ ಗುಳಿಗಿ ಇನ್ನೊಬ್ಬರಿಗೆ ಕೊಟ್ಟಿ ಅಂದ್ರ ಕಾಲ ಮುರೀತೀನಿ ಅಂದಿದ್ರು ಡಾಕ್ಟರ್. ಅಪ್ಪಗ ಗಾಡಿ ಹೂಡಿ ಇಡಾಕ ಹೇಳಿದೆ, ಜಾಸ್ತಿ ಆದ್ರ ನೆಟ್ಟಗ ಬಿಜಾಪುರಕ್ಕ ಹೊಡಿಯೂದಂತ. ಅವ್ವಗ ಹೇಳಿದೆ, "ಕರಿ ಚಾ ಮಾಡ ಬೇ, ಶುಂಠಿ ಹಾಕಿ. ಲಗೂನ."

ಬಶಿ ಆಯಿ ಬಾಯಿ ಮುಂದ ಹಿಡದೆ. "ಕುಡೀಬ್ಯಾಡ್ರಿ. ಮೊದ್ಲ ಊದ್ರಿ. ಗೆರಿ ದಂಡಿಗೆ ಹೋಗಬೇಕು, ಚಾ ಚೆಲ್ಲಬಾರ್ದು."

ಊದಿದ್ಲು. ಚಾ ಎಲ್ಲಾ ಆಕಿ ಸೀರಿ ಮ್ಯಾಲ.

"ಭಾಡ್ಯಾ... ಇಳಕಲ್ಲ ಸೀರಿ ಅದು!"

"ಬೈಯ್ಯಾಕ ಉಸುರ ಐತಿ ಅಂದ್ರ ಆರಾಮ ಆಗ್ತೀರಿ. ಇನ್ನೊಮ್ಮೆ ಊದ್ರಿ. ಹಚ್ಚಿದ ದೀಪ ಆರಬಾರ್ದು, ಅಲಗಾಡಬೇಕು ಅಷ್ಟ, ಹಂಗ ಊದ್ರಿ."

ಎರಡನೇ ಬಶಿ. ಹಿಂದ ನಿಂತ ಗುರುಪಾದಪ್ಪ ತನಗ ಗೊತ್ತಿಲ್ಲದ ತಾನೂ ಬಾಯಿ ಮುಂದ ಮಾಡಿ ಊದಾಕತ್ತಿದ್ದ. ಅವ್ವನೂ ಊದಾಕತ್ತಿದ್ಲು. ಅಪ್ಪ ಎತ್ತಿನ ಕೊಳ್ಳಾಗಿನ ಹಗ್ಗ ಹಿಡಕೊಂಡ ನಿಂತಲ್ಲೇ ಊದಾಕತ್ತಿದ್ದ. ನಗು ಬಂತು, ಹಲ್ಲ ಕಚ್ಚಿ ಹಿಡಕೊಂಡೆ. ಚಾದ ಮ್ಯಾಲಿನ ಗೆರಿ ಮೊದ್ಲ ನಡುಕ ಇಟ್ಟಿದ್ದು ಬರಬರತ ಸಣ್ಣಗ ಆತು. ಆಯಿ ಹೆಗಲ ಕೆಳಗ ಇಳದ್ವು. ಸಿಳ್ಳಿ ದೂರ ದೂರ ಹೋದಂಗ ಕೇಳಾಕತ್ತು.

ಆಯಿ ಬಶಿನ್ನ ನನ್ನ ಕೈಯಿಂದ ತಾನ ತಗೊಂಡು ಸೊರ್ರಂತ ಕುಡದ್ಲು. ಕುಡದ ಬಶಿ ಮುಂದ ಚಾಚಿದ್ಲು. "ಇನ್ನೊಂದೀಟ ಹಾಕವಾ ಬೀಗತಿ. ಬೆಲ್ಲ ಕಡಿಮಿ ಆಗೇತಿ."

"ಯವ್ವಾ!" ಅಂದ ಗುರುಪಾದಪ್ಪ. "ಚಾ ಕುಡದಿ?"

"ಕುಡದ್ನೆಪಾ. ಏನಾತು?"

"ನಾವ ಮಾತ ಮುರ್ಯಾಕ ಬಂದಿದ್ವಿ."

"ಮುರಿ. ನೀ ಕುಡದಿಲ್ಲಲ್ಲ, ನೀ ಮುರಿ." ಆಯಿ ಬಾಯಿ ಒರಸಿಕೊಂಡ್ಲು. "ನಾ ಕುಡದೇನಿ. ಬೀಗರ ಮನಿ ಚಾ ಕುಡದ ಮಾತ ತಪ್ಪಾಕ ನಾ ಏನ ಬಿಟ್ಟಿ ಬಿದ್ದಾಕಿ ಏನ? ನನ್ನ ಮೊಮ್ಮಗಳ ಈ ಮನಿಗೇ ಬರಾಕಿ. ಇಷ್ಟ ವರ್ಷ ನನ್ನ ಖೋಲ್ಯಾಗ ಮುಚ್ಚಿಟ್ಟೀರಿ ನೀವು. ಈ ಹುಡುಗಾ ಎದಿ ಮುಂದ ಮಾಡಿ ದಮ್ಮೈತಿ ಅಂದ. ಇಂಥಾಂವ ನನಗ ಬೇಕು."

"ಆದ್ರ ಯವ್ವಾ, ಬ್ಯಾನಿ..."

"ಹೌದಪಾ, ಬ್ಯಾನಿ. ನಾ ದಮ್ಮಿನಾಕಿ ನಿನ್ನ ಹಡದ ದೊಡ್ಡಾಂವ ಮಾಡಿಲ್ಲೇನ? ಕುಂಡ್ರ ಕೆಳಗ."

ಗುರುಪಾದಪ್ಪ ನಮ್ಮ ಅಪ್ಪನ ಮಾರಿ ನೋಡಿದ. ಇಬ್ರೂ ಮುಚ್ಚಿಟ್ಟವ್ರ, ಯಾರ ಯಾರಿಗೆ ಏನ ಅನ್ನಬೇಕು? ಅಪ್ಪಗ ಮೊದ್ಲ ನಗು ಬಂತು. ದವಾಖಾನ್ಯಾಗ ನಕ್ಕದ್ದಕ್ಕಿಂತ ಜೋರ. ಗುರುಪಾದಪ್ಪ ಪಟಗಾ ಬಿಚ್ಚಿ ಬಾಜೂಕ ಇಟ್ಟು ಗಿಡದ ಕೆಳಗ ಕುಂತ.

"ಅರ್ಧಾ ಬಶಿ ಸಾಕ್ರಿ" ಅಂದ. "ಹಾಲ ಹಾಕಿ ಕೊಡ್ರಿ. ಈ ಕರೀದು ನನಗ ಆಗೂದಿಲ್ಲ."

ಅವ್ವ ಒಳಗ ಓಡಿದ್ಲು. ತುಂಬ ಬಶಿ ತಂದ್ಲು. ಅಂವಾ ಕುಡದ.

ಸುಗ್ಗಿ ಆದ ಮ್ಯಾಲೆ ಮದಿವಿ ಆತು. ಅದಕ್ಕಿಂತ ಮೊದ್ಲ ಆಯಿನ್ನ ಬಿಜಾಪುರಕ್ಕ ಒಯ್ದ ತೋರಿಸಿದ್ವಿ, ಆಕಿಗೂ ಆಕಿ ಗುಳಿಗಿ ಬಂದ್ವು. ನನ್ನ ದಮ್ಮ ಹೋಗಿಲ್ಲ. ಮ್ವಾಡ ಮುಸುಕಿದಾಗ, ರಾಶಿ ಹೊತ್ತಿನ್ಯಾಗ ಬಂದ ಬಾಗಲಾ ಬಡೀತೈತಿ. ದಿನಾ ಮುಂಜಾನೆ ಕಂಬಳಿ ಹಾಸ್ತೀನಿ, ಉಸುರ ಬಿಡ್ತೀನಿ, ಚಾ ಕುಡೀತೀನಿ, ಹೊಲಕ್ಕ ಹೋಗ್ತೀನಿ. ನೀಲವ್ವನೂ ಬಾಜೂಕ ಕೂಡ್ತಾಳ, ಆಕಿಗೆ ಬ್ಯಾನಿ ಇಲ್ಲ, ಸುಮ್ನ ಕೂಡ್ತಾಳ. ನಿಮಗ ಇದ್ರ ಮುಚ್ಚಿ ಇಡಬ್ಯಾಡ್ರಿ, ಡಾಕ್ಟರಿಗೆ ತೋರಸ್ರಿ.

ಇಷ್ಟ. ನನ್ನ ಕಡೆ ಇನ್ನ ಹೇಳೂದ ಏನೂ ಇಲ್ಲ.